ರೋಬೋಟಿನ ಬಡ್ಡಿಗೆ ಎಷ್ಟು ಹಾಲು?

ಹುಕ್ಕೇರಿಯಲ್ಲಿರುವ ನನ್ನ ಅಣ್ಣನ ಮಗ ಮೊಬೈಲಿನಲ್ಲಿ ವಿಡಿಯೊ ತೋರಿಸಿ, "ಕಾಕಾ, ನಾವೂ ಹಾಲು ಹಿಂಡೂ ರೋಬೋಟ್ ಕೂಡ್ಸೋಣೇನು?" ಅಂದ. ಕೇಳಬೇಕಾದ ಮಾತೇ. ಮೂಡಲಗಿ, ಗೋಕಾಕ ಕಡೆ ನಸುಕಿನಲ್ಲಿ ಬಂದು ಹಿಂಡುವ ಆಳು ಸಿಗುವುದು ಎಷ್ಟು ಕಷ್ಟವೆಂದು ದನ ಕಟ್ಟಿದವರಿಗೆಲ್ಲ ಗೊತ್ತು.

ನೆದರ್ಲೆಂಡ್ಸ್‌ನ ರೈತರು 1992ರಲ್ಲೇ ಈ ಯಂತ್ರ ಕೂಡಿಸಿದರು. ಪಶು ಆಹಾರದ ಆಸೆಗೆ ಆಕಳು ತಾನಾಗಿ ಬಂದು ನಿಲ್ಲುತ್ತದೆ. ಯಂತ್ರ ಕೊರಳಪಟ್ಟಿಯಿಂದ ಅದರ ಗುರುತು ಹಿಡಿದು, ಮೊಲೆ ತೊಳೆದು ಹಿಂಡುತ್ತದೆ. ನಾಲ್ಕೂ ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಪರೀಕ್ಷಿಸಿ, ಕೆಚ್ಚಲುಬಾವಿನ ಸುಳಿವು ಕೊಡುತ್ತದೆ. ಆ ಗುಣವೊಂದಕ್ಕೆ ನನಗೂ ಆಸೆಯಿದೆ.

ಆದರೆ ಲೆಕ್ಕ ನೋಡಿ. ಒಂದು ರೋಬೋಟ್ ನಿಭಾಯಿಸುವುದು ಸುಮಾರು 60 ಆಕಳು. ಒಂದಕ್ಕೆ ದಿನಕ್ಕೆ 12 ಲೀಟರ್ ಹಿಡಿದರೆ 720 ಲೀಟರ್. ಯಂತ್ರಕ್ಕೆ ಒಂದು ಕೋಟಿ ಸಾಲ ಮಾಡಿದಿರೆನ್ನಿ. ಶೇ 10ರ ಬಡ್ಡಿ ವರ್ಷಕ್ಕೆ 10 ಲಕ್ಷ, ಅಂದರೆ ಲೀಟರಿಗೆ 3 ರೂಪಾಯಿ 80 ಪೈಸೆ. ಹತ್ತು ವರ್ಷದಲ್ಲಿ ಅಸಲು ತೀರಿಸಲು ಮತ್ತಷ್ಟೇ ಬೇಕು. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಅದನ್ನೂ ಇದು ನುಂಗಿ ಹಾಕುತ್ತದೆ. ಅಷ್ಟೇ ದನಗಳಿಗೆ ತಿಂಗಳಿಗೆ 15 ಸಾವಿರದಂತೆ ಮೂರು ಆಳು ಇಟ್ಟರೂ ಲೀಟರಿಗೆ ಬೀಳುವುದು ಎರಡು ರೂಪಾಯಿ ಚಿಲ್ಲರೆ.

"ಊರವರೆಲ್ಲ ಕೂಡಿ ತರಬಹುದಲ್ಲ?" ಎಂದ. ಹುಕ್ಕೇರಿಯ ಹುಡುಗ ಹಾಗೆ ಕೇಳುವುದು ಸಹಜ. ಅಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಮನೆಮನೆಗೆ ಕರೆಂಟು ಕೊಡುತ್ತಿದೆ. ಆದರೆ ಕರೆಂಟು ತಂತಿ ಹಿಡಿದು ಮನೆಗೆ ಬರುತ್ತದೆ, ರೋಬೋಟ್ ಬರುವುದಿಲ್ಲ. ಹಗಲೂ ರಾತ್ರಿ ದನಗಳೆಲ್ಲ ಅದರ ಸುತ್ತಲೇ ಇರಬೇಕು. ಹತ್ತು ಮನೆಯ ದನ ಒಂದೇ ಸೂರಿನಡಿ ಕಟ್ಟಿದರೆ ಮೇವು ಯಾರದು, ಸಗಣಿ ಯಾರದು? ಮೇಲಾಗಿ ನಮ್ಮಲ್ಲಿ ಅರ್ಧ ಎಮ್ಮೆಗಳು. ಕರು ಬಿಡದೆ, ಪರಿಚಯದ ಕೈ ಸೋಕದೆ ತೊರೆ ಬಿಡದ ಎಮ್ಮೆಗಳೇ ಹೆಚ್ಚು.

ಇಷ್ಟೆಲ್ಲ ಲೆಕ್ಕದಲ್ಲೂ ಒಂದು ಕೂಲಿ ಬಿಟ್ಟುಹೋಗಿದೆ. ನಮ್ಮ ಬಹಳಷ್ಟು ಮನೆಗಳಲ್ಲಿ ಹಿಂಡುವುದು ಹೆಣ್ಣುಮಕ್ಕಳು. ನಮ್ಮ ಮನೆಯಲ್ಲೂ ವೈನಿಯ ಬೆರಳುಗಳು ನಸುಕಿನಲ್ಲಿ ಮಡಚಲು ಬರದಷ್ಟು ಬಿಗಿಯುತ್ತಿದ್ದವು. ಆ ಕಾರಣಕ್ಕೇ ನಾವು ಸುಮಾರು ಐವತ್ತು ಸಾವಿರದ, ಬಕೆಟಿಗೆ ಹಾಲು ಹಿಂಡುವ ಸಣ್ಣ ಯಂತ್ರ ತಂದೆವು. ಹಾಲು ಹೆಚ್ಚಲಿಲ್ಲ, ನೋವು ಕಡಿಮೆಯಾಯಿತು. ಹಾಕಿದ ದುಡ್ಡಿಗೆ ನನಗದು ಸಾಕು. ನೀವು ಕೊಳ್ಳುವುದಾದರೆ ಯಂತ್ರದ ಬೆಲೆಯ ಜೊತೆಗೆ ಮೊಲೆಗೆ ಹಾಕುವ ರಬ್ಬರಿನ ಬೆಲೆಯನ್ನೂ ಕೇಳಿ. ಸುಮಾರು 2,500 ಸಲ ಹಿಂಡುವಷ್ಟರಲ್ಲಿ ಅದನ್ನು ಬದಲಿಸಬೇಕು, ಇಲ್ಲದಿದ್ದರೆ ಕೆಚ್ಚಲುಬಾವಿನ ಔಷಧಕ್ಕೆ ಅದರ ಹಲವು ಪಟ್ಟು ಸುರಿಯಬೇಕಾದೀತು.