ಗಾರೆಯಿಲ್ಲದ ಗೋಡೆ

ವಿಜಯನಗರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ವಿರೂಪಾಕ್ಷನ ಗೋಪುರ ಮತ್ತು ವಿಠ್ಠಲ ದೇವಾಲಯದ ಕಲ್ಲಿನ ರಥ. ಹಂಪೆಗೆ ಹೋದವರು ಇವನ್ನು ನೋಡದೆ ಮರಳುವುದಿಲ್ಲ. ಕೋಟೆಗೋಡೆಯ ಮುಂದೆ ನಿಲ್ಲುವವರಾದರೋ ವಿರಳ. ಈ ವರ್ಷ ನಮ್ಮ ಚರಿತ್ರೆಯ ತರಗತಿಯವರು ಕೈಗೊಂಡ ಪ್ರವಾಸದಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಆ ಗೋಡೆಯೇ.

1443ರಲ್ಲಿ ಇಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಈ ನಗರಕ್ಕೆ ಒಂದರೊಳಗೊಂದರಂತೆ ಏಳು ಕೋಟೆಗಳಿದ್ದುವೆಂದು ಬರೆದಿದ್ದಾನೆ. ಈಗ ಉಳಿದಿರುವ ಗೋಡೆಗಳಲ್ಲಿ ಭಾರಿ ಗ್ರಾನೈಟ್ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿದ್ದಾರೆ. ಕಲ್ಲಿನ ಹೊರಮೈ ಅಗಲ. ಒಳತುದಿ ಬೆಣೆಯಂತೆ ಕಿರಿದು. ಆ ತುದಿ ಹಿಂದಿನ ಮಣ್ಣು, ಕಲ್ಲುಚೂರುಗಳ ರಾಶಿಯಲ್ಲಿ ಹುದುಗಿರುತ್ತದೆ. ಒಂದು ಕಲ್ಲಿನ ಓರೆಗೆ ತಕ್ಕಂತೆ ಪಕ್ಕದ ಕಲ್ಲನ್ನು ಕೆತ್ತಿರುವುದರಿಂದ ಅವುಗಳ ಭಾರವೇ ಅವನ್ನು ಹಿಡಿದು ನಿಲ್ಲಿಸಿದೆ. ಗುಡ್ಡದ ಬಂಡೆ ಅಡ್ಡ ಬಂದೆಡೆ ಅದನ್ನೇ ಗೋಡೆಯನ್ನಾಗಿ ಮಾಡಿಕೊಂಡಿದ್ದಾರೆ.

ಈ ಕಲ್ಲುಗಳು ಬಂದದ್ದೂ ಸುತ್ತಲಿನ ಬಂಡೆಗಳಿಂದಲೇ. ಬಂಡೆಯ ಮೇಲೆ ಸಾಲಾಗಿ ಕುಳಿ ಕೊರೆದು, ಬೆಣೆ ಹೊಡೆದು, ಆ ಗೆರೆಗುಂಟ ಸೀಳುತ್ತಿದ್ದರು. ಕುಳಿ ಕೊರೆದು ಹಾಗೆಯೇ ಬಿಟ್ಟ ಬಂಡೆಗಳು ಇಂದಿಗೂ ಅಲ್ಲಿವೆ.

1980ರ ದಶಕದ ಉತ್ಖನನದಲ್ಲಿ ಅರಮನೆಯ ಆವರಣದಲ್ಲಿ ಮೆಟ್ಟಿಲುಗಳ ಪುಷ್ಕರಣಿಯೊಂದು ದೊರೆಯಿತು. ಅದರ ಕಪ್ಪು ಕಲ್ಲುಗಳ ಮೇಲೆ ಗುರುತುಗಳಿವೆ. ಯಾವ ದಿಕ್ಕಿನಲ್ಲಿ, ಯಾವ ಸಾಲಿನಲ್ಲಿ, ಎಲ್ಲಿ ಆ ಕಲ್ಲನ್ನು ಇಡಬೇಕೆಂಬುದನ್ನು ಅವು ಸೂಚಿಸುತ್ತವೆ. ಕಟ್ಟುವ ಮೊದಲೇ ಪ್ರತಿಯೊಂದು ಕಲ್ಲಿನ ಸ್ಥಾನ ನಿಶ್ಚಯವಾಗಿತ್ತೆಂಬುದು ಇದರಿಂದ ವೇದ್ಯವಾಗುತ್ತದೆ.

ರಾಜರ ಹೆಸರುಗಳನ್ನು ಶಾಸನಗಳು ಉಳಿಸಿವೆ. ಕಲ್ಲು ಕಡಿದವರು ಬಿಟ್ಟುಹೋದದ್ದು ಈ ಗುರುತುಗಳನ್ನು ಮಾತ್ರ. ಕೂಲಿ ಮಾಡಿ ಬದುಕಿದ ಮನೆತನದಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಾದ ನನಗೆ ಅವು ಶಾಸನಗಳಿಗಿಂತ ಕಡಿಮೆಯವೆಂದು ತೋರಲಿಲ್ಲ. ಕಟ್ಟಿಸಿದವರು ಯಾರೆಂದು ಕೇಳುವಂತೆ, ಕಟ್ಟಿದವರು ಹೇಗೆ ಕಟ್ಟಿದರೆಂದು ಕೇಳುವುದೂ ಚರಿತ್ರೆಯೇ ಅಲ್ಲವೆ?

1565ರ ಯುದ್ಧದ ನಂತರ ನಗರ ಹಾಳಾಯಿತು. ಅರಮನೆಗಳ ಮರದ ಭಾಗಗಳು ನಾಶವಾಗಿ ಕಲ್ಲಿನ ಜಗತಿಗಳಷ್ಟೇ ಉಳಿದುವು. ಕೋಟೆಗೋಡೆಗಳು ಬಹುಮಟ್ಟಿಗೆ ನಿಂತಿವೆ. 1986ರಲ್ಲಿ ಹಂಪೆಯು ವಿಶ್ವ ಪರಂಪರೆಯ ತಾಣವೆನಿಸಿತು. ಆದರೂ 2019ರಲ್ಲಿ ಕೆಲವು ಯುವಕರು ಅಲ್ಲಿನ ದೇಗುಲವೊಂದರ ಕಂಬಗಳನ್ನು ತಳ್ಳಿ ಕೆಡವಿದರು. ಅವರು ನಮ್ಮ ವಯಸ್ಸಿನವರೇ ಎಂಬುದು ನಾಚಿಕೆಯ ಸಂಗತಿ. ಭಾರದಿಂದಲೇ ನಿಂತ ಕಲ್ಲನ್ನು ಉರುಳಿಸಲು ನಿಮಿಷ ಸಾಕು. ಕಡಿದು ಹೊಂದಿಸಲು ಎಷ್ಟು ಕೈಗಳು ಸವೆದುವೋ! ಮುಂದಿನ ವರ್ಷ ಹಂಪೆಗೆ ಹೋಗುವ ಸಹಪಾಠಿಗಳು ಗೋಡೆಯ ಬಳಿ ಒಂದು ಗಳಿಗೆ ನಿಂತು, ಎರಡು ಕಲ್ಲುಗಳು ಕೂಡುವ ಗೆರೆಯನ್ನು ನೋಡಬೇಕೆಂದು ನನ್ನ ವಿನಂತಿ.