ಚಾಮುಂಡಿ ತಪ್ಪಲಿನ ಐಸ್ ಹಾಕಿ ಅಭಿಮಾನಿಗಳಿಗೆ

ಪ್ರಶ್ನೆ: ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಕ್ರಿಕೆಟ್ ಬಿಟ್ಟರೆ ಬೇರೆ ಆಟವಿಲ್ಲ. ನನಗೆ ಐಸ್ ಹಾಕಿಯ ಹುಚ್ಚು. ಬೆಳಗಿನ ಐದೂವರೆಗೆ ಎದ್ದು ಮೊಬೈಲಿನಲ್ಲಿ ಉತ್ತರ ಅಮೆರಿಕದ ಲೀಗಾದ ಎನ್‌ಎಚ್‌ಎಲ್ ಪಂದ್ಯ ನೋಡುತ್ತೇನೆ. ಈಗೀಗ ಬೇರೆ ಯಾವ ಆಟವೂ ರುಚಿಸುತ್ತಿಲ್ಲ, ಎಲ್ಲವೂ ನಿಧಾನ ಅನಿಸುತ್ತದೆ. ‘ಮಂಜುಗಡ್ಡೆಯನ್ನು ಫ್ರಿಜ್ಜಿನಲ್ಲಿ ಮಾತ್ರ ನೋಡುವ ಊರಲ್ಲಿ ಇದೆಂಥ ಶೋಕಿ’ ಎಂದು ಅಪ್ಪ ರೇಗುತ್ತಾರೆ. ಇದು ಬರೀ ಶೋಕಿಯೇ?
— ಓದುಗ, ಸರಸ್ವತಿಪುರಂ

ಉತ್ತರ: ಶೋಕಿಗಾಗಿ ಯಾರೂ ದಿನಾ ಐದೂವರೆಗೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಟೊರೊಂಟೊ, ಮಾಂಟ್ರಿಯಲ್‌ಗಳಲ್ಲಿ ಸಂಜೆ ಏಳಕ್ಕೆ ಆಟ ಶುರುವಾದರೆ ಚಳಿಗಾಲದಲ್ಲಿ ನಮಗೆ ಅದು ಮರುದಿನ ಬೆಳಗಿನ ಐದೂವರೆ. ಕಣ್ಣುಜ್ಜುತ್ತಾ ಅದನ್ನು ನೋಡುವವರಿಗೆ ಆಟದ ಮೇಲೆ ನಿಜವಾದ ಪ್ರೀತಿಯೇ ಇರಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆ ಪ್ರೀತಿಗೆ ಕಾರಣಗಳೂ ಇವೆ. ಸುಮಾರು ಅರವತ್ತು ಮೀಟರ್ ಉದ್ದದ ರಿಂಕ್, ಸುತ್ತಲೂ ಹಲಗೆಯ ಗೋಡೆ. ಗೋಡೆಗೆ ಬಡಿದ ಪಕ್ (ಆಡುವ ರಬ್ಬರ್ ಬಿಲ್ಲೆ) ಮತ್ತೆ ಆಟದೊಳಗೇ ಬರುತ್ತದೆ. ಗೋಲಿನ ಹಿಂದೆಯೂ ಜಾಗವಿದೆ, ಅಲ್ಲಿಂದಲೂ ದಾಳಿ ಕಟ್ಟಬಹುದು. ಒಮ್ಮೆಗೆ ಪ್ರತಿ ತಂಡದಿಂದ ಗೋಲಿ (ಗೋಲು ಕಾಯುವವನು) ಸೇರಿ ಆರು ಮಂದಿ ಆಡುತ್ತಾರೆ. ಮುಕ್ಕಾಲು ನಿಮಿಷ ಮೈಮುರಿದು ಆಡಿದವರು ಬೆಂಚಿಗೆ ಮರಳುತ್ತಿದ್ದಂತೆಯೇ ಇನ್ನೊಂದು ಗುಂಪು ಗೋಡೆ ಹಾರಿ ಒಳಗಿಳಿಯುತ್ತದೆ, ಆಟ ಮಾತ್ರ ನಡೆಯುತ್ತಲೇ ಇರುತ್ತದೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ದಣಿದ ಕಾಲು ನಿಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಈ ವೇಗಕ್ಕೆ ಒಗ್ಗಿದ ಕಣ್ಣಿಗೆ ಬೇರೆ ಆಟಗಳು ಸಪ್ಪೆ ಕಾಣುವುದು ಸಹಜ.

ಆದರೆ ‘ಎಲ್ಲವೂ ನಿಧಾನ’ ಎಂಬ ನಿಮ್ಮ ತೀರ್ಪನ್ನು ನಾನು ಒಪ್ಪಲಾರೆ. ಪಕ್‌ನ ತೂಕ 156ರಿಂದ 170 ಗ್ರಾಂ. ನಮ್ಮ ಹಾಕಿ ಚೆಂಡು 156ರಿಂದ 163. ನಿಮ್ಮ ಅಪ್ಪ ಮೆಚ್ಚುವ ಕ್ರಿಕೆಟ್ ಚೆಂಡೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಮೈಸೂರಿನ ಹುಡುಗ ಜಾವಗಲ್ ಶ್ರೀನಾಥ್ ಅದೇ ತೂಕವನ್ನು ಬರಿಗೈಯಲ್ಲಿ ಎಸೆದು ಜಗತ್ತಿನ ಬ್ಯಾಟ್ಸ್‌ಮನ್‌ಗಳನ್ನು ಬೆದರಿಸಿದವರು. ವೇಗ ಎಲ್ಲ ಆಟದಲ್ಲೂ ಇದೆ, ಅದು ಅಡಗಿರುವ ಜಾಗ ಬೇರೆ ಬೇರೆ. ಅಪ್ಪನ ಪಕ್ಕ ಕೂತು ಒಂದು ಟೆಸ್ಟ್ ಪಂದ್ಯದ ಒಂದು ಸ್ಪೆಲ್ಲನ್ನಾದರೂ ಅವರ ಕಣ್ಣಿನಿಂದ ನೋಡಿ. ಆಮೇಲೆ ಅವರನ್ನು ಒಂದು ಬೆಳಿಗ್ಗೆ ನಿಮ್ಮ ಪಂದ್ಯಕ್ಕೆ ಎಬ್ಬಿಸಿ.

ಇನ್ನೊಂದು ಮಾತು. ಪಕ್‌ನ ಹಿಂದೆಯೇ ಕಣ್ಣು ಓಡಿಸುವುದನ್ನು ಸ್ವಲ್ಪ ಬಿಡಿ. ಅಲೆಕ್ಸ್ ಒವೆಚ್ಕಿನ್ 2025ರ ಏಪ್ರಿಲ್ 6ರಂದು 895ನೇ ಗೋಲು ಹೊಡೆದು ವೇಯ್ನ್ ಗ್ರೆಟ್ಸ್‌ಕಿಯ 894ರ ದಾಖಲೆ ಮುರಿದದ್ದನ್ನು ನೀವು ನೋಡಿಯೇ ಇರುತ್ತೀರಿ. ಅದನ್ನು ಮತ್ತೊಮ್ಮೆ ಹಾಕಿ. ಈ ಸಲ ಹೊಡೆತವನ್ನು ಬಿಟ್ಟು ಅದರ ಹಿಂದಿನ ಕೆಲವು ಸೆಕೆಂಡುಗಳನ್ನು ಗಮನಿಸಿ. ಎದುರಾಳಿಯ ಒಬ್ಬ ಶಿಕ್ಷೆಗೆ ಹೊರಗಿದ್ದಾನೆ, ಎಡಗಡೆಯ ವೃತ್ತದ ಹತ್ತಿರ ಒವೆಚ್ಕಿನ್‌ಗೆ ಜಾಗ ಸಿಕ್ಕಿದೆ. ಆ ಜಾಗ ಹೇಗೆ ತೆರೆಯಿತು, ಯಾರು ಯಾರನ್ನು ತಮ್ಮ ಕಡೆ ಎಳೆದುಕೊಂಡರು ಎಂದು ಹುಡುಕಿ. ಹೀಗೆ ನೋಡುವುದನ್ನು ರೂಢಿಸಿಕೊಂಡರೆ ಫುಟ್‌ಬಾಲ್, ಕಬಡ್ಡಿ ಕೂಡ ನಿಮಗೆ ಹೊಸದಾಗಿ ಕಾಣುತ್ತವೆ.

ಪ್ರಶ್ನೆ: ಮೂಲತಃ ಕೊಡಗಿನವನು, ನಿವೃತ್ತನಾದ ಮೇಲೆ ಮೈಸೂರಿನಲ್ಲಿದ್ದೇನೆ. ನಮ್ಮ ಒಕ್ಕದ (ಮನೆತನದ) ಪರವಾಗಿ ಕೌಟುಂಬಿಕ ಹಾಕಿಯಲ್ಲಿ ಆಡಿದ್ದೇನೆ. ಮೊಮ್ಮಗ ‘ತಾತ, ನಿಮ್ಮದು ಹಳೇ ಹಾಕಿ, ಅಸಲಿ ಹಾಕಿ ಐಸ್ ಮೇಲಿನದು’ ಅನ್ನುತ್ತಾನೆ. ನೋಡಿದರೆ ಅಲ್ಲಿ ಹೊಡೆದಾಟವೇ ಹೆಚ್ಚು. ಅವನಿಗೆ ಹೇಗೆ ತಿಳಿಹೇಳಲಿ?
— ಓದುಗರು, ವಿಜಯನಗರ

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಸರ್. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಅರವತ್ತು ಕುಟುಂಬಗಳನ್ನು ಸೇರಿಸಿ ಶುರುಮಾಡಿದ ಹಬ್ಬ ನಿಮ್ಮ ಕೌಟುಂಬಿಕ ಹಾಕಿ. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ ಹೊತ್ತಿಗೆ 396 ಕುಟುಂಬಗಳ ತಂಡಗಳಾಗಿದ್ದವು. ತಾತ, ಮಗಳು, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಇಂಥ ಪಂದ್ಯಾವಳಿ ಇಷ್ಟು ದೊಡ್ಡದಾಗಿ ಬೇರೆಲ್ಲಿ ನಡೆಯುತ್ತದೆ? ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಅವರನ್ನು ಕೊಟ್ಟ ನೆಲದ ಹಾಕಿಯನ್ನು ಯಾರೂ ಹಳೆಯದೆಂದು ಬದಿಗೆ ಸರಿಸಲಾಗದು.

ಆದರೆ ವಾದಕ್ಕೆ ಇಳಿಯಬೇಡಿ, ಅವನಿಗೆ ಒಂದು ವರ್ಷದ ಕಥೆ ಹೇಳಿ. 1980ರ ಫೆಬ್ರುವರಿ 22ರಂದು ಚಳಿಗಾಲದ ಒಲಿಂಪಿಕ್ಸ್ ನಡೆದ ಲೇಕ್ ಪ್ಲಾಸಿಡ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ತಂಡ ಬಲಾಢ್ಯ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿತು. ಐಸ್ ಹಾಕಿ ಪ್ರೇಮಿಗಳೆಲ್ಲ ಇವತ್ತಿಗೂ ಮೆಲುಕು ಹಾಕುವ ಪಂದ್ಯ ಅದು. ಅದೇ ವರ್ಷ ಜುಲೈ 29ರಂದು ಮಾಸ್ಕೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಭಾರತ ಸ್ಪೇನನ್ನು ಮಣಿಸಿ ಚಿನ್ನ ಗೆದ್ದದ್ದೂ 4-3ರಿಂದಲೇ. ಆ ತಂಡದಲ್ಲಿ ನಿಮ್ಮ ಸೋಮಯ್ಯನವರಿದ್ದರು. ಮೊಮ್ಮಗ ಮೊದಲ ಪಂದ್ಯವನ್ನು ಬಲ್ಲ, ಎರಡನೆಯದನ್ನು ಬಲ್ಲವರು ನೀವು.

ಹೊಡೆದಾಟದ ಬಗ್ಗೆ: ಎನ್‌ಎಚ್‌ಎಲ್‌ನಲ್ಲಿ ಮುಷ್ಟಿಯುದ್ಧಕ್ಕೆ ಐದು ನಿಮಿಷ ಹೊರಗೆ ಕೂರಿಸುತ್ತಾರೆ, ಅಷ್ಟೆ. ನನಗೂ ಅದು ಹಿಡಿಸುವುದಿಲ್ಲ. ಒಲಿಂಪಿಕ್ಸ್‌ನಂಥ ಅಂತರರಾಷ್ಟ್ರೀಯ ಕೂಟಗಳಲ್ಲಿ ನಿಯಮ ಇನ್ನೂ ಬಿಗಿ. ಆದರೆ ಪಕ್ ಹಿಡಿದವನಿಗೆ ಭುಜ ಕೊಟ್ಟು ತಡೆಯುವುದು ಬೇರೆ, ಅದು ಪುರುಷರ ಆಟದ ಒಪ್ಪಿತ ಕೌಶಲ. ನೀವು ನೋಡಿದ್ದರಲ್ಲಿ ಬಹುಪಾಲು ಅದೇ ಇರಬಹುದು.

ಶಿಕ್ಷೆಯ ವಿಚಾರದಲ್ಲಿ ಎರಡೂ ಆಟ ಹತ್ತಿರದ ನೆಂಟರು. ನಮ್ಮಲ್ಲಿ ಹಸಿರು ಕಾರ್ಡಿಗೆ ಎರಡು ನಿಮಿಷ ಹೊರಗೆ. ಅಲ್ಲೂ ಸಣ್ಣ ತಪ್ಪಿಗೆ ಎರಡೇ ನಿಮಿಷ. ಅಲ್ಲಿ ಎದುರಾಳಿ ಗೋಲು ಹೊಡೆದರೆ ಶಿಕ್ಷೆ ಅಲ್ಲಿಗೇ ಮುಗಿಯುತ್ತದೆ, ನಮ್ಮಲ್ಲಿ ಹಾಗಿಲ್ಲ. ಸ್ಟಿಕ್ ಹಿಡಿತದಲ್ಲಿ ಮಾತ್ರ ದೂರ ಹೆಚ್ಚು. ಅವರದ್ದರಲ್ಲಿ ಎಡ, ಬಲ ಎರಡೂ ಬಗೆಯ ಸ್ಟಿಕ್ಕುಗಳಿವೆ, ಎರಡೂ ಮುಖದಿಂದ ಹೊಡೆಯಬಹುದು. ನಮ್ಮದು ಒಂದೇ ಬಗೆ, ಚಪ್ಪಟೆ ಮುಖ ಮಾತ್ರ. ಆ ಕಟ್ಟುಪಾಡಿನೊಳಗೆ ಡ್ರಿಬ್ಲಿಂಗ್ ಎಷ್ಟು ಕಷ್ಟವೆಂದು ಹುಡುಗನಿಗೆ ಬಾಯಲ್ಲಿ ಹೇಳಿದರೆ ತಿಳಿಯದು. ನಿಮ್ಮ ಸ್ಟಿಕ್ಕನ್ನು ಅವನ ಕೈಗೆ ಕೊಡಿ.

ಪ್ರಶ್ನೆ: ಒಂಬತ್ತು ವರ್ಷದ ಮಗಳು ಟಿ.ವಿ.ಯಲ್ಲಿ ನೋಡಿ, ಐಸ್ ಹಾಕಿ ಕಲಿಯಲೇಬೇಕೆಂದು ಹಟ ಹಿಡಿದಿದ್ದಾಳೆ. ಮೈಸೂರಿನಲ್ಲಿ ಸಾಧ್ಯವೇ?
— ತಾಯಿ, ಜೆ.ಪಿ. ನಗರ

ಉತ್ತರ: ಹಾಕಿ ಆಡುವಷ್ಟು ದೊಡ್ಡ ಐಸ್ ರಿಂಕ್ ನಮ್ಮೂರಲ್ಲಿ ಇಲ್ಲ. ಆದರೂ ಅವಳ ಹಟವನ್ನು ಮುರಿಯಬೇಡಿ, ಅಮ್ಮ. ಈ ಆಟದ ಜೀವ ಇರುವುದು ಕಾಲಿನಲ್ಲಿ. ಕಾಲನ್ನು ತಯಾರು ಮಾಡಲು ಮಂಜುಗಡ್ಡೆಯೇ ಬೇಕೆಂದಿಲ್ಲ.

ಇನ್‌ಲೈನ್ ಸ್ಕೇಟ್ಸ್, ಅಂದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಬೂಟು, ಕೊಡಿಸಿ. ಮೈಸೂರಿನಲ್ಲಿ ಸ್ಕೇಟಿಂಗ್ ಹೇಳಿಕೊಡುವ ತರಬೇತುದಾರರಿದ್ದಾರೆ. ಹೆಲ್ಮೆಟ್, ಮೊಣಕಾಲು, ಮೊಣಕೈ, ಮಣಿಕಟ್ಟಿನ ರಕ್ಷಾಕವಚ ಇಲ್ಲದೆ ಒಂದು ದಿನವೂ ಇಳಿಸಬೇಡಿ. ಮೊದಲ ವರ್ಷ ಸ್ಟಿಕ್ ಬೇಡ. ಮಂಡಿ ಬಗ್ಗಿಸಿ ನಿಲ್ಲುವುದು, ಒಂದೇ ಕಾಲಿನ ಮೇಲೆ ಜಾರುವುದು, ಹಿಮ್ಮುಖವಾಗಿ ಹೋಗುವುದು, ತಿರುವಿನಲ್ಲಿ ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸುವುದು, ಇಷ್ಟು ಕೈಗೂಡಲಿ. ಆಮೇಲೆ ಇನ್‌ಲೈನ್ ಹಾಕಿಗೆ ಹೋಗಬಹುದು. ಅದರಲ್ಲಿ ಗೋಲಿಯ ಜೊತೆ ನಾಲ್ವರು ಆಡುತ್ತಾರೆ, ಭಾರತದ ರೋಲರ್ ಸ್ಕೇಟಿಂಗ್ ಫೆಡರೇಷನ್ನಿನ ಸ್ಪರ್ಧೆಗಳಲ್ಲಿ ಈ ಆಟಕ್ಕೂ ಜಾಗವಿದೆ.

ಮುಂದೆ ಐಸ್ ಮೇಲೆ ಇಳಿದಾಗ ಅವಳಿಗೆ ಹೊಸದಾಗಿ ಕಲಿಯಲು ಉಳಿಯುವುದು ಮುಖ್ಯವಾಗಿ ನಿಲ್ಲುವ ಬಗೆ. ಬ್ಲೇಡಿನ ತಳದಲ್ಲಿ ಉದ್ದಕ್ಕೂ ಸಣ್ಣ ಕಾಲುವೆ ಕೊರೆದಿರುತ್ತಾರೆ, ಹಾಗಾಗಿ ಒಳಗೊಂದು ಹೊರಗೊಂದು ಎರಡು ಅಂಚುಗಳು. ಪಾದವನ್ನು ಅಡ್ಡ ತಿರುಗಿಸಿ ಆ ಅಂಚಿನಿಂದ ಐಸನ್ನು ಹೆರೆಯುತ್ತಾ ನಿಲ್ಲಬೇಕು. ಚಕ್ರದ ಮೇಲೆ ಅಷ್ಟು ಸಲೀಸಾಗಿ ಅಡ್ಡ ಜಾರಲಾಗದು. ಅಭ್ಯಾಸಕ್ಕೆ ಡೆಹ್ರಾಡೂನಿನ ಹಿಮಾದ್ರಿ ರಿಂಕ್ ಇದೆ, ಚಳಿಗಾಲದಲ್ಲಿ ಲಡಾಖ್ ಇದೆ.

ಅವಳಿಗೆ ಇದನ್ನೂ ತಪ್ಪದೆ ಹೇಳಿ. ಭಾರತದ ಮಹಿಳಾ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2016ರಲ್ಲಿ. ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ವಿರುದ್ಧ ಮೊದಲ ಗೆಲುವು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು. ಆ ತಂಡದ ಹುಡುಗಿಯರಲ್ಲಿ ಹೆಚ್ಚಿನವರು ಆಟ ಕಲಿತದ್ದು ಲಡಾಖಿನ ಹೆಪ್ಪುಗಟ್ಟಿದ ಕೊಳಗಳ ಮೇಲೆ, ವರ್ಷಕ್ಕೆ ಎರಡು ಮೂರು ತಿಂಗಳಷ್ಟೇ ಸಿಗುವ ಐಸ್‌ನಲ್ಲಿ.

ಪ್ರಶ್ನೆ: ಪಂದ್ಯಕ್ಕೆ ಮೊದಲು ಪಕ್ಕನ್ನು ಫ್ರೀಜರಿನಲ್ಲಿ ಇಡುತ್ತಾರಂತೆ, ಏಕೆ?
— ಓದುಗ, ಗೋಕುಲಂ

ಉತ್ತರ: ಅದು ಗಟ್ಟಿ ರಬ್ಬರಿನ ಬಿಲ್ಲೆ. ಬೆಚ್ಚಗಿದ್ದರೆ ಪುಟಿಯುತ್ತದೆ, ತಣ್ಣಗಿದ್ದರೆ ನೆಲಕ್ಕಂಟಿ ಜಾರುತ್ತದೆ. ಆಡುತ್ತಾ ಬಿಸಿಯಾದದ್ದನ್ನು ನಡುನಡುವೆ ಬದಲಿಸುತ್ತಾರೆ.

ಪ್ರಶ್ನೆ: ಜೀವನದಲ್ಲಿ ಒಮ್ಮೆಯಾದರೂ ಎದುರಿಗೆ ನಿಂತು ಐಸ್ ಹಾಕಿ ನೋಡುವ ಆಸೆ. ಕೆನಡಾಕ್ಕೆ ಹೋಗುವ ಶಕ್ತಿಯಿಲ್ಲ. ದಾರಿ ತೋರಿಸುತ್ತೀರಾ?
— ಬ್ಯಾಂಕ್ ನೌಕರ, ಕುವೆಂಪುನಗರ

ಉತ್ತರ: ಜನವರಿಯಲ್ಲಿ ಲೇಹ್‌ಗೆ ಹೋಗಿ. ಅಲ್ಲಿನ ಎನ್‌ಡಿಎಸ್ ಕ್ರೀಡಾಂಗಣ, ಗುಪುಕ್ ಕೊಳಗಳಲ್ಲಿ ಪಂದ್ಯಗಳು ನಡೆಯುತ್ತವೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಹಾಕಿ ಕೂಡ 2024, 2025ರಲ್ಲಿ ಅಲ್ಲೇ ನಡೆಯಿತು. ಸೇನೆ, ಐಟಿಬಿಪಿ, ಲಡಾಖ್ ತಂಡಗಳು ಎದುರಾದರೆ ಊರಿಗೆ ಊರೇ ಬಂದು ಸುತ್ತ ನಿಲ್ಲುತ್ತದೆ. ಪರದೆಯ ಮೇಲೆ ನಿಮಗೆ ಎಂದೂ ಸಿಗದ ಒಂದು ಸಂಗತಿ ಅಲ್ಲಿ ಸಿಗುತ್ತದೆ: ಬ್ಲೇಡು ಐಸನ್ನು ಕೊಯ್ಯುವ ಸದ್ದು ಮತ್ತು ಪಕ್ ಹಲಗೆಗೆ ಅಪ್ಪಳಿಸುವ ಪೆಟ್ಟು.

ಕ್ರೀಡಾಕೂಟದ ದಿನಾಂಕ ಪ್ರಕಟವಾದ ಮೇಲೆಯೇ ವಿಮಾನದ ಟಿಕೆಟ್ ಮಾಡಿಸಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಲೇಹ್ 3,500 ಮೀಟರ್. ಇಳಿದ ಮೇಲೆ ಎರಡು ದಿನ ಕೋಣೆಯಲ್ಲಿ ಸುಮ್ಮನೆ ಮಲಗಿರಿ, ನೀರು ಹೆಚ್ಚು ಕುಡಿಯಿರಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಪಂದ್ಯ ನೋಡುವಾಗ ಐಸ್ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ, ಚಳಿ ಮೊದಲು ಏರುವುದು ಪಾದದಿಂದ. ಎರಡು ಜೊತೆ ಉಣ್ಣೆಯ ಕಾಲುಚೀಲ, ದಪ್ಪ ಅಡಿಯ ಬೂಟು ಒಯ್ಯಿರಿ.