ಕೃಷಿ ಹೊಂಡದಲ್ಲಿ ಗೆಂಡೆ ಮೀನು: ತೋಡುವ ಮುನ್ನ ನೀರಿನ ಲೆಕ್ಕ

ರಾಜ್ಯದಲ್ಲಿ 2014–15ರಲ್ಲಿ ಕೃಷಿ ಭಾಗ್ಯ ಯೋಜನೆ ಜಾರಿಗೆ ಬಂದ ನಂತರ ಮಳೆಯಾಶ್ರಿತ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಾಗಿವೆ. ಬೆಳೆ ಬಾಡುವ ಹೊತ್ತಿಗೆ ಒಂದೆರಡು ನೀರು ಕೊಡುವುದೇ ಹೊಂಡದ ಮೊದಲ ಉದ್ದೇಶ. ಅದೇ ನೀರಿನಲ್ಲಿ ಮೀನನ್ನೂ ಸಾಕಬಹುದೇ ಎಂದು ಅನೇಕ ರೈತರು ಕೇಳುತ್ತಾರೆ. ಸಾಕಬಹುದು. ಆದರೆ ಬೆಳೆಯ ಪಾಲೆಷ್ಟು, ಮೀನಿನ ಪಾಲೆಷ್ಟು ಎಂಬುದನ್ನು ಗುದ್ದಲಿ ಹಾಕುವ ಮುನ್ನವೇ ಲೆಕ್ಕ ಹಾಕತಕ್ಕದ್ದು.

ಜಾಗ ಹೊಲದ ತಗ್ಗಿನ ಕಡೆ ಇರಲಿ. ಮಣ್ಣು ನೀರು ಹಿಡಿಯುತ್ತದೆಯೇ ಎಂದು ತಿಳಿಯಲು ಹಸಿ ಮಣ್ಣನ್ನು ಉಂಡೆ ಕಟ್ಟಿ ಒಂದು ಮೊಳ ಮೇಲಕ್ಕೆ ಎಸೆದು ಹಿಡಿಯಿರಿ. ಒಡೆಯದಿದ್ದರೆ ಮಣ್ಣಿನಲ್ಲಿ ಜೇಡಿ ಸಾಕಷ್ಟಿದೆ ಎಂದರ್ಥ. ಇದಕ್ಕಿಂತ ಖಚಿತವಾದ ಪರೀಕ್ಷೆ ಇನ್ನೊಂದಿದೆ. ಸೊಂಟದಾಳದ ಗುಂಡಿ ತೋಡಿ ಬೆಳಿಗ್ಗೆ ನೀರು ತುಂಬಿರಿ. ಸಂಜೆ ಇಳಿದಷ್ಟನ್ನು ಮತ್ತೆ ತುಂಬಿ ಸೊಪ್ಪಿನಿಂದ ಮುಚ್ಚಿರಿ. ಮರುದಿನ ಬೆಳಿಗ್ಗೆ ಹೆಚ್ಚಿನ ನೀರು ಉಳಿದಿದ್ದರೆ ಅಸ್ತರಿಯಿಲ್ಲದೆಯೂ ಹೊಂಡ ನಿಲ್ಲುತ್ತದೆ. ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಅಲ್ಲಿ 6 ಪಾಲು ಮಣ್ಣಿಗೆ 1 ಪಾಲು ಸಿಮೆಂಟ್ ಬೆರೆಸಿ 5 ಸೆಂ.ಮೀ. ದಪ್ಪ ಗಿಲಾವು ಮಾಡಬೇಕು, ಇಲ್ಲವೇ ಪ್ಲಾಸ್ಟಿಕ್ ಹಾಳೆ ಹಾಸಬೇಕು.

ಈಗ ಲೆಕ್ಕಕ್ಕೆ ಬರೋಣ. ಮೇಲೆ 20 ಮೀಟರ್ ಚೌಕ, 3 ಮೀಟರ್ ಆಳ, ಬದಿಗೆ 1.5:1 ಇಳಿಜಾರು ಇರುವ ಹೊಂಡದ ತಳ 11 ಮೀಟರ್ ಚೌಕವಾಗುತ್ತದೆ. ತುಂಬಿದರೆ ಹಿಡಿಯುವ ನೀರು ಸುಮಾರು 740 ಘನ ಮೀಟರ್. ಒಂದು ಎಕರೆಗೆ 50 ಮಿ.ಮೀ. ನೀರು ಕೊಡಲು ಸುಮಾರು 200 ಘನ ಮೀಟರ್ ಬೇಕು. ಎರಡು ಸಲ ಕೊಟ್ಟಾಗ ಹೊಂಡದಲ್ಲಿ 1.8 ಮೀಟರ್ ಆಳದ ನೀರು ಉಳಿಯುತ್ತದೆ. ಮೂರನೆಯದನ್ನೂ ಕೊಟ್ಟರೆ 0.9 ಮೀಟರ್. ಇದರಲ್ಲಿ ಆವಿಯಾಗುವ ನೀರು ಸೇರಿಲ್ಲ. ದಿನಕ್ಕೆ 5 ಮಿ.ಮೀ. ಆವಿಯಾದರೂ ತುಂಬಿದ ಹೊಂಡದಿಂದ 2,000 ಲೀಟರ್ ಹೋಗುತ್ತದೆ. ಮೀನಿಗೆ ಕನಿಷ್ಠ 1 ಮೀಟರ್ ನೀರು ಬೇಕು. ಆದುದರಿಂದ ಎರಡನೆಯ ನೀರಿನ ನಂತರವೂ ಮಳೆ ಬಾರದಿದ್ದರೆ ಮೀನು ಹಿಡಿದು ಮಾರಿ, ಮೂರನೆಯ ನೀರನ್ನು ಬೆಳೆಗೆ ಬಿಡುವುದೇ ಲೇಸು. ಮೀನಿನ ಆಸೆಗೆ ತೆನೆ ಕಟ್ಟುವ ಬೆಳೆಯನ್ನು ಒಣಗಿಸುವುದು ನನ್ನ ಮಟ್ಟಿಗೆ ಸರಿಯಾದ ಬೇಸಾಯವಲ್ಲ.

ಬದಿಯನ್ನು ನೆಟ್ಟಗೆ ಕಡಿದರೆ ಮೊದಲ ದೊಡ್ಡ ಮಳೆಗೇ ಕುಸಿಯುತ್ತದೆ. ಮರಳು ಮಿಶ್ರಿತ ಗೋಡು ಮಣ್ಣಾದರೆ ಇಳಿಜಾರು 2:1 ಇರಲಿ. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ 1 ಮೀಟರ್ ಬಿಟ್ಟು ಹಾಕಿ. ನೀರು ಒಳಬರುವಲ್ಲಿ 2 ಮೀಟರ್ ಚೌಕ, 1 ಮೀಟರ್ ಆಳದ ಹೂಳು ಗುಂಡಿ ಅವಶ್ಯ. ಕೋಡಿಗೆ ಕಲ್ಲು ಕಟ್ಟಿ ಬಲೆ ಬಿಗಿಯಿರಿ.

ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬೇಲಿ ಇಲ್ಲದೆ ನೀರು ತುಂಬಿಸಲೇಬಾರದು. ಆ ಹಾಳೆಯ ಮೇಲೆ ಪಾಚಿ ಕಟ್ಟಿದಾಗ ಈಜು ಬಲ್ಲ ಗಂಡಾಳಿಗೂ ಕಾಲು ನಿಲ್ಲುವುದಿಲ್ಲ. ಮಕ್ಕಳ ಪಾಡು ಹೇಳುವಂತಿಲ್ಲ. ಇಂಥ ಹೊಂಡಗಳಲ್ಲಿ ಮಕ್ಕಳೂ ಅವರನ್ನು ಎಳೆಯಲು ಇಳಿದ ದೊಡ್ಡವರೂ ಜೊತೆಯಾಗಿ ಮುಳುಗಿದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಬೇಲಿಯ ಜೊತೆಗೆ ನಾಲ್ಕೂ ಬದಿಯಲ್ಲಿ ಗೂಟಕ್ಕೆ ಕಟ್ಟಿದ ಗಂಟು ಹಾಕಿದ ಹಗ್ಗ ನೀರಿನವರೆಗೆ ಇಳಿಬಿದ್ದಿರಲಿ. ಗಾಳಿ ತುಂಬಿದ ಹಳೆಯ ಟ್ಯೂಬೊಂದು ದಡದಲ್ಲಿರಲಿ.

ಮೇಲಿನ ಅಳತೆಯ ಹೊಂಡಕ್ಕೆ 8–10 ಸೆಂ.ಮೀ. ಉದ್ದದ 200 ಮರಿಗಳು ಸಾಕು. ಮೇಲ್ಪದರದಲ್ಲಿ ಮೇಯುವ ಕಾಟ್ಲಾ 80, ನಡುನೀರಿನ ರೋಹು 60, ತಳದ ಮೃಗಾಲ್ ಅಥವಾ ಸಾಮಾನ್ಯ ಗೆಂಡೆ 60. ಮಣ್ಣಿನ ಹೊಂಡದಲ್ಲಿ ಸಾಮಾನ್ಯ ಗೆಂಡೆ ಬದಿಯನ್ನು ಕೆದಕಿ ಸಡಿಲ ಮಾಡುತ್ತದೆಯಾದ್ದರಿಂದ ಅಲ್ಲಿ ಮೃಗಾಲ್ ಮೇಲು. ಮರಿಗಳಿರುವ ಚೀಲವನ್ನು ಕಾಲು ಗಂಟೆ ನೀರಿನಲ್ಲಿ ತೇಲಿಸಿ, ತಂಪು ಹೊತ್ತಿನಲ್ಲಿ ಬಿಡಬೇಕು. ಅದಕ್ಕೆ ಮೊದಲು 10 ಕಿಲೋ ಸುಣ್ಣ, ವಾರದ ನಂತರ 80 ಕಿಲೋ ಸಗಣಿ ಹಾಕಿದರೆ ನೀರು ಹಸಿರಾಗುತ್ತದೆ. ಕೈಯನ್ನು ಮೊಣಕೈಯವರೆಗೆ ಮುಳುಗಿಸಿ ನೋಡಿ. ಅಷ್ಟು ಆಳದಲ್ಲಿ ಅಂಗೈ ಮಸುಕಾದರೆ ಮೇವು ಸರಿಯಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಕಾಣದಾದರೆ ಸಗಣಿ ನಿಲ್ಲಿಸಿ. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಭಾಗ ಬೆರೆಸಿ, ಮೀನಿನ ಒಟ್ಟು ತೂಕದ ಶೇ. 2–3ರಷ್ಟು ದಿನವೂ ಕೊಡಿ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ಆಮ್ಲಜನಕದ ಕೊರತೆ. ಆ ದಿನ ಮೇವು ಬೇಡ. ಪಂಪಿನಿಂದ ನೀರನ್ನು ಎತ್ತಿ ಹೊಂಡಕ್ಕೇ ಚಿಮ್ಮಿಸಿರಿ.

ಮನೆಯ ಹಿತ್ತಲಲ್ಲಿ ಬಣ್ಣದ ಕೋಯಿ ಮೀನು ಸಾಕುವ ಆಸೆ ಕೆಲವರಿಗಿದೆ. ಅದೂ ಗೆಂಡೆಯೇ. ಜಪಾನಿನ ನೀಗಾತಾ ಪ್ರಾಂತ್ಯದ ಗುಡ್ಡಗಾಡಿನ ಭತ್ತದ ರೈತರು ಊಟಕ್ಕೆಂದು ಸಾಕಿದ ಗೆಂಡೆಗಳಲ್ಲಿ ಹುಟ್ಟಿದ ಬಣ್ಣದ ಮರಿಗಳನ್ನು 19ನೆಯ ಶತಮಾನದಲ್ಲಿ ಆರಿಸಿ ಬೆಳೆಸಿದ ತಳಿ ಅದು. 1914ರ ಟೋಕಿಯೋ ಪ್ರದರ್ಶನದಿಂದ ಹೆಸರಾಯಿತು. ಆದರೆ ನಮ್ಮ ಕೆಂಪು ಕದಡು ನೀರಿನಲ್ಲಿ ಅದರ ಬಣ್ಣ ಕಣ್ಣಿಗೆ ಬೀಳದು. ಅದಕ್ಕೆ ಸೋಸುವ ವ್ಯವಸ್ಥೆಯುಳ್ಳ ಬೇರೆ ತೊಟ್ಟಿಯೇ ಬೇಕು.

ಸೈಪರ್‌ಮೆತ್ರಿನ್‌ನಂತಹ ಕೀಟನಾಶಕಗಳು ಅತಿ ಸ್ವಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುತ್ತವೆ. ಸಿಂಪರಣಾ ಯಂತ್ರವನ್ನು ಹೊಂಡದಲ್ಲಿ ತೊಳೆಯಬೇಡಿ. ಔಷಧಿ ಹೊಡೆದ ಹೊಲದಿಂದ ಮೊದಲ ಮಳೆಗೆ ಹರಿದು ಬರುವ ನೀರನ್ನು ಹೊಂಡಕ್ಕೆ ಬಿಡದೆ ಪಕ್ಕದ ಕಾಲುವೆಗೆ ತಿರುಗಿಸಿರಿ.